ಕ್ರಿಯಾಪದಗಳ ರೂಪಸಾಧನೆಯೂ ಬಾಲಬೋಧೆಯೂ: ಗೋಕಾವಿ, ಮೂಡಲಗಿ, ಹುಕ್ಕೇರಿ ಸೀಮೆಯ ನುಡಿಯನ್ನನುಲಕ್ಷಿಸಿ ಒಂದು ವಿಮರ್ಶೆ

ಕನ್ನಡದ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳನ್ನು ಹತ್ತಿಸುವ ಕ್ರಮವನ್ನು ಎಂತಹ ಮಂದಾಧಿಕಾರಿಯಾದರೂ ಕೆಲವು ದಿವಸಗಳಲ್ಲಿ ತಿಳಿದುಕೊಂಡಾನು. ಆಖ್ಯಾತಪ್ರಕರಣಕ್ಕೆ ಬಂದೊಡನೆ ಮಾತ್ರ ಅವನ ಕಾಲು ತಡವರಿಸುವುದು. ಇದಕ್ಕೆ ಭಾಷೆಯ ಕಾಠಿಣ್ಯವು ಸ್ವಲ್ಪ ಕಾರಣ, ಬೋಧಿಸುವ ಪುಸ್ತಕಗಳ ಕ್ರಮವು ಬಹಳಮಟ್ಟಿಗೆ ಕಾರಣ. ಇನ್ನೂರು ವರ್ಷಗಳಿಂದ ಕನ್ನಡ ಕಲಿಸಲು ಹೊರಟ ಪುಸ್ತಕಗಳಲ್ಲಿ ‘ಮಾಡು’ ಎಂಬ ಒಂದೇ ಧಾತುವಿನ ರೂಪಮಾಲೆಯು ದೇವಾಲಯದ ಮುಂದಣ ಗರುಡಗಂಬದಂತೆ ನಿಂತಿದೆ. ಮಾಡುತ್ತಾನೆ, ಮಾಡಿದನು, ಮಾಡುವನು ಎಂದು ಮೂರು ಕಾಲಗಳು. ಒಂದೊಂದರಲ್ಲಿ ಪುರುಷ, ಲಿಂಗ, ವಚನಭೇದದಿಂದ 9 ರೂಪಗಳು. ಇವುಗಳ ಮೇಲೆ ಸಂಭಾವನೆಯಲ್ಲಿ 9, ನಿಷೇಧದಲ್ಲಿ 9. ಒಟ್ಟು 45 ರೂಪಗಳನ್ನು ಬಾಯಿಪಾಠ ಮಾಡಿದವನು ಕನ್ನಡದ ನಿಯತ ಕ್ರಿಯಾಪದವನ್ನು ಬಲ್ಲವನೆಂಬುದು ಈ ಪುಸ್ತಕಗಳ ಅಭಿಪ್ರಾಯ. ಆ ಅಭಿಪ್ರಾಯವನ್ನು ಬೆಳಗಾವಿ ಜಿಲ್ಲೆಯ ಗೋಕಾವಿ, ಅದರಿಂದ ಬೇರ್ಪಟ್ಟು ಈಚೆಗೆ ಪ್ರತ್ಯೇಕ ತಾಲೂಕಾದ ಮೂಡಲಗಿ, ನೆರೆಯ ಹುಕ್ಕೇರಿ ಇವುಗಳ ಜನದ ಮಾತಿನೊಡನೆ ಒರೆಹಚ್ಚಿ ನೋಡಿದರೆ ಏನಾಗುವುದೆಂಬುದೇ ಇಲ್ಲಿಯ ವಿಚಾರ.

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಘಟಪ್ರಭೆಯ ಎರಡು ದಡಗಳ ಈ ನಾಡು ಕನ್ನಡದ ಒಳನಾಡೂ ಹೌದು, ಗಡಿನಾಡೂ ಹೌದು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವು ಹುಟ್ಟಿ ಬೆಳೆದುದು ಇಲ್ಲಿ. ಆ ಆಟವನ್ನು ನಾಡಿನ ಮೂಲೆಮೂಲೆಗೆ ಒಯ್ದ ಕೌಜಲಗಿ ನಿಂಗಮ್ಮನ ಊರು ಇಲ್ಲಿಯದು. ಆನಂದಕಂದರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು, ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಇವರೆಲ್ಲರೂ ಈ ನೀರನ್ನು ಕುಡಿದವರೇ. ಇತ್ತ ಸಂಕೇಶ್ವರದ ಕಡೆಯಿಂದ ಹೊರಟು ಸ್ವಲ್ಪ ದೂರ ಹೋದರೆ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ. ಪೇಟೆಗಳಲ್ಲಿ ಮರಾಠಿ, ದಖನಿ ಉರ್ದು ಮಾತನಾಡುವ ಮನೆಗಳು ಬೇಕಾದಷ್ಟು. 1956ರವರೆಗೆ ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ನಾಡು. ಆದ್ದರಿಂದ ಕನ್ನಡವನ್ನು ಹೊಸದಾಗಿ ಕಲಿಯುವವರು ಇಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಈ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ವಿನಾಯಕ ಕೃಷ್ಣ ಗೋಕಾಕರ ವರದಿಯು 1981ರಲ್ಲಿ ಸರಕಾರದ ಕೈಸೇರಿ, ಮರುವರ್ಷ ನಾಡೆಲ್ಲ ಚಳವಳಿಯಾಯಿತು. 2015ರಲ್ಲಿ ಕನ್ನಡ ಭಾಷಾ ಕಲಿಕಾ ಅಧಿನಿಯಮವೂ ಬಂದಿತು. ಕಲಿಯಬೇಕೆಂಬ ವಿಧಿಯೇನೋ ದೃಢವಾಯಿತು. ಹೇಗೆ ಕಲಿಸಬೇಕೆಂಬುದು ‘ಮಾಡು’ ಧಾತುವಿನ ಬಳಿಯೇ ನಿಂತಿತು.

ಮೊದಲು ಪ್ರಾಚೀನರ ಮತವನ್ನು ನೋಡುವುದು ಯುಕ್ತ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೊಂದು ಪ್ರಕರಣವನ್ನೂ ಧಾತುಗಳಿಗೆ ಬೇರೊಂದು ಪ್ರಕರಣವನ್ನೂ ಇಟ್ಟನು. ಪುರುಷಪ್ರತ್ಯಯಗಳು ಅಂ, ಅರ್, ಅಯ್, ಇರ್, ಎಂ, ಎವು ಎಂದು ಆರು. ಧಾತುವಿಗೂ ಇವುಗಳಿಗೂ ನಡುವೆ ಕಾಲಸೂಚಕವಾದ ದ, ವ, ದಪ ಮುಂತಾದವು. ಈ ವ್ಯವಸ್ಥೆಯಲ್ಲಿ ‘ನಿಯತ’, ‘ಅನಿಯತ’ ಎಂಬ ಎರಡು ಜಾತಿಗಳಿಲ್ಲವೆಂಬುದನ್ನು ಗಮನಿಸಬೇಕು. ಧಾತುಗಳನ್ನು ಅವುಗಳ ಕೊನೆಯ ಅಕ್ಷರಕ್ಕನುಸಾರವಾಗಿ ಗುಂಪುಗೂಡಿಸಿ, ಯಾವ ಗುಂಪಿಗೆ ಯಾವ ವಿಕಾರ ಬರುವುದೆಂದು ಹೇಳುವುದೇ ಅವನ ಮಾರ್ಗ. 1604ರಲ್ಲಿ ಸಂಸ್ಕೃತಸೂತ್ರಗಳಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನಿಗೂ ಆ ಭೇದವು ಬೇಕಾಗಲಿಲ್ಲ. ನಿಯತಾನಿಯತಭೇದವು ಕನ್ನಡಕ್ಕೆ ಬಂದುದು ಯುರೋಪಿನ ಪಂಡಿತರ ಮೂಲಕ. ಲ್ಯಾಟಿನ್ ವ್ಯಾಕರಣವನ್ನೋದಿ ಬಂದವರು ಅವರು. ತಮಗೆ ಪರಿಚಿತವಾದ ಪೆಟ್ಟಿಗೆಗಳಲ್ಲಿ ಕನ್ನಡವನ್ನೂ ತುಂಬಿದರು. ಶ್ರೀರಾಮಪುರದಿಂದ 1817ರಲ್ಲಿ ಕೇರಿಯ ವ್ಯಾಕರಣ, ಮದರಾಸಿನಿಂದ 1820ರಲ್ಲಿ ಮೆಕೆರೆಲ್ಲನದು, ಬೆಂಗಳೂರಿನಿಂದ 1859ರಲ್ಲಿ ಹಾಡ್ಸನ್ನನದು, ಮಂಗಳೂರಿನಿಂದ 1872ರಲ್ಲಿ ಝೀಗ್ಲರನದು, 1914ರಲ್ಲಿ ಸ್ಪೆನ್ಸರನದು ಹೀಗೆ ಸಾಲು ಬೆಳೆಯಿತು. ಈ ಜಾಡಿನಲ್ಲಿ ಉಕಾರಾಂತಗಳದು ಒಂದು ಗಣ, ಇಕಾರ ಎಕಾರಾಂತಗಳದು ಇನ್ನೊಂದು ಗಣ, ಉಳಿದುದೆಲ್ಲ ‘ಅನಿಯತ’ವೆಂಬ ಉಗ್ರಾಣ ಎಂಬ ವಿಭಾಗವು ರೂಢವಾಯಿತು. ನಡುವೆ 1838ರಲ್ಲಿ ಕೃಷ್ಣಮಾಚಾರ್ಯನು ಹೊಸಗನ್ನಡ ನುಡಿಗನ್ನಡಿಯನ್ನು ಕನ್ನಡದಲ್ಲೇ ಬರೆದನು. 1903ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ವ್ಯಾಕರಣವು ಹಳೆಯ, ನಡುವಣ, ಹೊಸ ಕನ್ನಡಗಳನ್ನು ಮೂರನ್ನೂ ಒಳಕೊಂಡ ಮಹಾಗ್ರಂಥ. ಅದು ಬಾಲಬೋಧೆಗೆ ಬರೆದುದಲ್ಲವಾದುದರಿಂದ ಈ ಆಕ್ಷೇಪವು ಅದಕ್ಕೆ ತಗಲುವುದಿಲ್ಲ. ಶಬ್ದಮಣಿದರ್ಪಣವನ್ನು 1872ರಲ್ಲಿ ಅಚ್ಚುಹಾಕಿಸಿದವರೂ ಅವರೇ. ಕೇಶಿರಾಜನ ಕ್ರಮದ ಬೆಲೆ ಅವರಿಗೆ ತಿಳಿದಿತ್ತು.

ಅನಿಯತವೆಂಬ ಉಗ್ರಾಣದಲ್ಲಿ ಏನಿದೆ? ಕೊಡು, ಇಡು, ಬಿಡು, ಸುಡು, ಉಡು, ತೊಡು, ಕೆಡು, ನೆಡು, ನಗು, ಸಿಗು, ಹೊಗು, ಮಿಗು, ಬರು, ತರು, ಇರು, ಹೊರು, ಹೆರು, ಉಣ್ಣು, ತಿನ್ನು, ಕಾಣು, ಕೊಳ್ಳು, ನಿಲ್ಲು, ಕೊಲ್ಲು, ಗೆಲ್ಲು, ಬೀಳು, ಏಳು, ಸಾಯು, ನೋಯು, ಬೇಯು. ಒಕ್ಕಲಿಗನ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವ ವ್ಯವಹಾರವೆಲ್ಲ ಈ ಧಾತುಗಳಲ್ಲೇ ಇದೆ. ಹುಟ್ಟಿದ ಕೂಸು ಮೊದಲು ಕಲಿಯುವ ಕ್ರಿಯೆಗಳು ಬಾ, ತಾ, ಕೊಡು, ಉಣ್ಣು, ಬಿದ್ದಿತು ಎಂಬವು. ಇವುಗಳನ್ನೆಲ್ಲ ನಿಯಮ ತಪ್ಪಿದವೆಂದು ಹಿಂದಿನ ಪುಟಗಳಿಗೆ ತಳ್ಳಿ, ಮಾಡು, ಓಡು, ಹಾಡು ಎಂಬವನ್ನು ಮುಂದಕ್ಕಿಟ್ಟರೆ ಕಲಿಯುವವನು ಹಾಡಿ ಓಡಿ ದಣಿದಾನೇ ಹೊರತು, ಉಂಡೆನೆಂದು ಹೇಳಲಾರನು.

ಇಷ್ಟಕ್ಕೂ ಅವು ನಿಯಮ ತಪ್ಪಿದವೇ? ಡುಕಾರಾಂತಗಳನ್ನು ನೋಡಿರಿ. ಮಾಡು, ಓಡು, ನೋಡು, ಬೇಡು, ಕೂಡು, ಕಾಡು ಇವುಗಳ ಮೊದಲ ಸ್ವರವು ದೀರ್ಘ. ಭೂತಕೃದಂತವು ಮಾಡಿ, ಓಡಿ, ನೋಡಿ. ಕೊಡು, ಇಡು, ಬಿಡು, ಸುಡು, ಉಡು, ಕೆಡು ಇವುಗಳದು ಹ್ರಸ್ವ. ಕೃದಂತವು ಕೊಟ್ಟು, ಇಟ್ಟು, ಬಿಟ್ಟು, ಸುಟ್ಟು, ಉಟ್ಟು, ಕೆಟ್ಟು. ಗುಕಾರಾಂತಗಳಲ್ಲೂ ಹೀಗೆಯೇ: ಕೂಗು, ತೂಗು, ಬಾಗು, ಸಾಗು ಎಂಬವು ಕೂಗಿ, ತೂಗಿ, ಬಾಗಿ, ಸಾಗಿ, ನಗು, ಸಿಗು, ಹೊಗು, ಮಿಗು ಎಂಬವು ನಕ್ಕು, ಸಿಕ್ಕು, ಹೊಕ್ಕು, ಮಿಕ್ಕು. ಹ್ರಸ್ವದ ಮುಂದಣ ಡು, ಗುಗಳು ಕಠಿಣವಾಗಿ ದ್ವಿತ್ವವಾಗುವುವು. ದೀರ್ಘದ ಮುಂದೆ ಇಕಾರವು ಬರುವುದು. ಇದನ್ನು ಒಂದು ಗಳಿಗೆಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಬಹುದು. ಹತ್ತು ಹನ್ನೆರಡು ‘ಅನಿಯತ’ಗಳು ಆ ಗಳಿಗೆಯಲ್ಲೇ ನಿಯತವಾಗುವುವು. ಹೊರು ಹೊತ್ತು, ಹೆರು ಹೆತ್ತು ಎನ್ನುತ್ತಿರುವಾಗ ಬರು ಬಂದು, ತರು ತಂದು ಎಂದೇಕೆ ಎಂಬುದಕ್ಕೆ ಹಳಗನ್ನಡವು ಉತ್ತರ ಕೊಡುತ್ತದೆ. ಮೊದಲಿನೆರಡರಲ್ಲಿದ್ದುದು ಶಕಟರೇಫವು: ಪೊಱು, ಪೆಱು. ಬರ್, ತರ್ ಎಂಬವುಗಳದು ಸಾಮಾನ್ಯ ರೇಫವು. ಹೊಸಗನ್ನಡವು ಎರಡನ್ನೂ ಒಂದೇ ಅಕ್ಷರದಿಂದ ಬರೆದುದರಿಂದ ಕಾರಣವು ಕಣ್ಮರೆಯಾಗಿ ಕಾರ್ಯ ಮಾತ್ರ ಉಳಿಯಿತು. ಎಲ್ಲ ಕಡೆಗೂ ಹೀಗೆ ಸುಲಭವಾಗಿ ಕೈಗೆ ಸಿಗುತ್ತದೆಂದು ಹೇಳಲಾಗದು. ಬೀೞ್, ಏೞ್ ಎಂಬವು ಬಿೞ್ದು, ಎೞ್ದು ಎಂದಾಗಿ ಬಿದ್ದು, ಎದ್ದು ಎಂದು ನಿಂತವು. ಅದೇ ಱೞಕ್ಷಳಗಳಲ್ಲಿ ಸೇರಿದ ೞಕಾರವುಳ್ಳ ಪೇೞ್ ಎಂಬುದು ಪೇೞ್ದು ಎಂಬುದನ್ನು ಬಿಟ್ಟು ಹೇಳಿ ಎಂದಾಯಿತು. ಕೇಳ್ದು ಎಂಬುದೂ ಕೇಳಿ ಎಂದಾಯಿತು. ‘ಮಾಡಿ’ ಎಂಬ ಮಾದರಿಯು ಕಾಲಕ್ರಮದಲ್ಲಿ ನೆರೆಯವರ ಹೊಲಕ್ಕೆ ನುಗ್ಗುತ್ತ ಬಂದಿದೆಯೆಂಬುದಕ್ಕೆ ಇವು ಸಾಕ್ಷಿ. ಕಲಿಯುವವನಿಗೆ ಈ ಚರಿತ್ರೆಯನ್ನೆಲ್ಲ ಹೇಳಬೇಕಾದುದಿಲ್ಲ. ಕಲಿಸುವವನಿಗಾದರೂ ತಿಳಿದಿರತಕ್ಕದ್ದು.

ಸಂಸ್ಕೃತಬೋಧೆಯಲ್ಲಿ ಇದೇ ತೊಡಕನ್ನು ಬಿಡಿಸಿದ ಬಗೆಯು ನೆನೆಯತಕ್ಕದ್ದಾಗಿದೆ. ಧಾತುಗಳಿಗೆ ಹತ್ತು ಗಣಗಳಿವೆಯಷ್ಟೆ. ಪಾಠಶಾಲೆಗಳಲ್ಲಿ ಧಾತುರೂಪಾವಳಿಯನ್ನು ಕಂಠಸ್ಥ ಮಾಡಿಸಿ ಅರ್ಥವನ್ನು ಅನಂತರ ತಿಳಿಸುವುದು ಹಳೆಯ ಸಂಪ್ರದಾಯ. ಮುಂಬಯಿ ಪ್ರಾಂತದ ಇಂಗ್ಲಿಷ್ ಶಾಲೆಗಳಿಗಾಗಿ ರಾಮಕೃಷ್ಣ ಗೋಪಾಲ ಭಾಂಡಾರಕರರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾರ್ಗೋಪದೇಶಿಕೆಯನ್ನು ರಚಿಸಿದಾಗ, ಅಂಗವು ಅಕಾರಾಂತವಾಗುವ ಗಣಗಳನ್ನು, ಎಂದರೆ ಭ್ವಾದಿ, ದಿವಾದಿ, ತುದಾದಿ, ಚುರಾದಿಗಳನ್ನು ಮುಂದಿಟ್ಟು ಉಳಿದವನ್ನು ಹಿಂದಕ್ಕಿಟ್ಟರು. ಸಂಪ್ರದಾಯದ ಪಂಡಿತರಲ್ಲಿ ಕೆಲವರಿಗೆ ಇದು ರುಚಿಸದಿದ್ದರೂ ಅದರಿಂದ ಉಪಕೃತರಾದವರು ಅಸಂಖ್ಯಾತರು. ಆದರೆ ಅಲ್ಲಿ ಮುಂದಿಟ್ಟ ಗಣಗಳಲ್ಲಿ ಭವತಿ, ಗಚ್ಛತಿ, ಪಿಬತಿ, ಪಶ್ಯತಿ, ತಿಷ್ಠತಿ ಎಂಬ ನಿತ್ಯೋಪಯೋಗಿಗಳೇ ತುಂಬಿವೆ. ಗಮ್ ಧಾತುವಿಗೆ ಗಚ್ಛಾದೇಶವಿದೆಯೆಂದು ಅದನ್ನು ಅನಿಯತದ ಪಟ್ಟಿಗೆ ಯಾರೂ ಅಟ್ಟಲಿಲ್ಲ. ಕನ್ನಡದ ಬಾಲಬೋಧೆಗಳು ಆ ಕ್ರಮದ ಹೊರಮೈಯನ್ನು ಮಾತ್ರ ಅನುಕರಿಸಿದವು.

ಇನ್ನು ಗೋಕಾವಿಯ ಮಾತಿಗೆ ಬರಬಹುದು. ಅಲ್ಲಿಯ ಜನರ ವರ್ತಮಾನರೂಪಗಳು ಹೀಗಿವೆ: ನಾ ಮಾಡತೇನಿ, ನಾವು ಮಾಡತೇವಿ, ನೀ ಮಾಡತಿ, ನೀವು ಮಾಡತೀರಿ, ಅಂವ ಮಾಡತಾನ, ಆಕಿ ಮಾಡತಾಳ, ಅವರು ಮಾಡತಾರ, ಅವು ಮಾಡತಾವ, ಅದು ಮಾಡತೈತಿ. ಪುಸ್ತಕವನ್ನೋದಿ ಬಂದ ಅಧಿಕಾರಿಗಳೂ ಶಿಕ್ಷಕರೂ ಇವನ್ನು ಕೇಳಿ ‘ಒರಟು’, ‘ಅಪಭ್ರಂಶ’ ಎಂದು ಮೂಗುಮುರಿಯುವುದುಂಟು. ಅಪಭ್ರಂಶವೆಂದರೆ ನಿಯಮವಿಲ್ಲದೆ ಜಾರಿಬಿದ್ದುದು. ಇಲ್ಲಿ ಜಾರಿದುದು ಯಾವುದು? ಗ್ರಂಥಸ್ಥ ರೂಪಗಳೆಲ್ಲವೂ ಎಕಾರದಿಂದಲೋ ಇಕಾರದಿಂದಲೋ ಮುಗಿಯುವುವು: ಮಾಡುತ್ತೇನೆ, ಮಾಡುತ್ತಾನೆ, ಮಾಡುತ್ತಾರೆ, ಮಾಡುತ್ತೀರಿ. ಗೋಕಾವಿಯಲ್ಲಿ ಕೊನೆಯ ಎಕಾರವು ಕೆಲವೆಡೆ ಇಕಾರವಾಗಿದೆ, ಕೆಲವೆಡೆ ಅಕಾರವಾಗಿದೆ. ಎಲ್ಲಿ ಯಾವುದು ಎಂದರೆ, ಅದರ ಹಿಂದಣ ಸ್ವರವು ಏ, ಈ, ಐ ಎಂಬ ತಾಲವ್ಯಜಾತಿಯದಾದರೆ ಕೊನೆಯಲ್ಲಿ ಇಕಾರ: ಮಾಡತೇನಿ, ಮಾಡತೇವಿ, ಮಾಡತೀರಿ, ಮಾಡತೈತಿ. ಹಿಂದಣ ಸ್ವರವು ಆಕಾರವಾದರೆ ಕೊನೆಯಲ್ಲಿ ಅಕಾರ: ಮಾಡತಾನ, ಮಾಡತಾಳ, ಮಾಡತಾರ, ಮಾಡತಾವ. ಒಂದು ರೂಪವಾದರೂ ಈ ಕಟ್ಟನ್ನು ಮೀರಿಲ್ಲ. ಸವರ್ಣಪಕ್ಷಪಾತವುಳ್ಳ ಇಂತಹ ನಿಯಮವು ಶಿಕ್ಷಾಶಾಸ್ತ್ರದಲ್ಲಿ ಕಂಡಿದ್ದರೆ ಪಂಡಿತರು ತಲೆದೂಗುತ್ತಿದ್ದರು. ಒಕ್ಕಲಿಗನ ಬಾಯಲ್ಲಿ ಕಂಡುದರಿಂದ ಅದು ಒರಟಾಯಿತು.

ಎಕಾರಾಂತ ಧಾತುಗಳ ಗತಿಯೂ ಹೀಗೆಯೇ ನಿಯತವಾದುದು. ಮನೆ ಮನಿಯಾದಂತೆ ಕರೆ ಎಂಬ ಧಾತು ಇಲ್ಲಿ ಕರಿ, ನಡೆ ಎಂಬುದು ನಡಿ. ಹಿಡಿ, ಕುಡಿ ಎಂಬ ಇಕಾರಾಂತಗಳೊಡನೆ ಇವು ಒಂದೇ ಗಣವಾಗಿ ಬೆರೆತಿವೆ: ಕರದ, ನಡದ, ಹಿಡದ, ಕುಡದ. ಗ್ರಂಥದಲ್ಲಿ ಕರೆದನು ಬೇರೆ, ಕರಿದನು ಬೇರೆ. ಗೋಕಾವಿಯಲ್ಲಿ ಅತಿಥಿಯನ್ನು ಕರೆದರೂ ಭಜಿಯನ್ನು ಕರಿದರೂ ಕರದದ್ದೇ. ಇದರಿಂದ ಅನರ್ಥವಾದುದನ್ನು ಯಾರೂ ಕೇಳಿಲ್ಲ.

ಮುಖ್ಯವಾದ ಸಂಗತಿಯು ಮುಂದಿದೆ. ಸಂಭಾವನಾರ್ಥದಲ್ಲಿ ವ್ಯಾಕರಣಗಳು ಹೇಳುವ ರೂಪಗಳು ಮಾಡಿಯೇನು, ಮಾಡಿಯೇವು, ಮಾಡೀರಿ, ಮಾಡಿಯಾನು, ಮಾಡಿಯಾಳು, ಮಾಡಿಯಾರು, ಮಾಡೀತು ಮುಂತಾದವು. ಬಂದಾನು ಎಂದರೆ ಬರುವ ಸಂಭವವುಂಟು ಎಂದರ್ಥ, ಇನ್ನೂ ಬಂದಿಲ್ಲ. ಗೋಕಾವಿ ಸೀಮೆಯಲ್ಲಿ ನಾ ಮಾಡೇನಿ, ನಾವು ಮಾಡೇವಿ, ನೀವು ಮಾಡೀರಿ, ಅಂವ ಮಾಡ್ಯಾನ, ಆಕಿ ಮಾಡ್ಯಾಳ, ಅವರು ಮಾಡ್ಯಾರ, ಅದು ಮಾಡೈತಿ ಎಂದು ಬೇರೊಂದು ಮಾಲೆಯಿದೆ. ಅರ್ಥವು ಸಂಭಾವನೆಯಲ್ಲ, ಕ್ರಿಯೆಯು ಮುಗಿದು ಅದರ ಫಲವು ಈಗ ಇದೆ ಎಂಬುದು. ಬಂದಾನ ಎಂದರೆ ಬಂದಿದ್ದಾನೆ, ಒಳಗೆ ಕುಳಿತಿದ್ದಾನೆ. ಕೃದಂತದ ಮೇಲೆ ಅಸ್ತಿತ್ವವಾಚಕವು ಕೂಡಿ ಸವೆದು ಆದ ರೂಪವಿದು. ಬಂದೈತಿ ಎಂಬಲ್ಲಿ ಐತಿ ಎಂಬುದು ಇನ್ನೂ ಸವೆಯದೆ ಕಾಣುತ್ತಿರುವುದೇ ಅದಕ್ಕೆ ಗಮಕ. ಬಂದಾನ, ಬಂದಾನು ಇವೆರಡಕ್ಕೂ ಇರುವ ಅಂತರವು ಕೊನೆಯ ಒಂದು ಹ್ರಸ್ವಸ್ವರ. ಒಂದರಲ್ಲಿ ಮನುಷ್ಯನು ಮನೆಯೊಳಗಿದ್ದಾನೆ, ಇನ್ನೊಂದರಲ್ಲಿ ದಾರಿಯಲ್ಲಿದ್ದಾನೋ ಇಲ್ಲವೋ ತಿಳಿಯದು. ಅಲ್ಲಿಯ ಜನರು ಎರಡನ್ನೂ ಬಳಸುವರು, ಎಂದೂ ಬೆರಸರು. ‘ಏನ ಮಾಡ್ಯಾನು ಪಾಪ’ ಎಂದರೆ ಅಶಕ್ತಿಯ ಸೂಚನೆ, ‘ಏನ ಮಾಡ್ಯಾನ’ ಎಂದರೆ ನಡೆದುಹೋದ ಕೆಲಸದ ಪ್ರಶ್ನೆ. ಮಧ್ಯಮಪುರುಷದ ಬಹುವಚನದಲ್ಲಿ ಮಾತ್ರ ಎರಡು ಮಾಲೆಗಳೂ ಒಂದಾಗಿವೆ. ‘ಬಿದ್ದೀರಿ!’ ಎಂದು ಕೂಗಿದರೆ ಅದು ಎಚ್ಚರಿಕೆಯೋ, ಬಿದ್ದವನ ಬಳಿಗೆ ಓಡಿಬಂದವನ ಮಾತೋ ಎಂಬುದನ್ನು ಸಂದರ್ಭವೇ ಹೇಳಬೇಕು.

ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪುಸ್ತಕದಿಂದ ಕನ್ನಡ ಕಲಿತು ಹುಕ್ಕೇರಿಯ ಕಚೇರಿಗೆ ಬಂದ ಪರಭಾಷೆಯ ಅಧಿಕಾರಿಯೊಬ್ಬನನ್ನು ಭಾವಿಸಿಕೊಳ್ಳಬಹುದು. ರೈತನು ‘ಪಂಚಾಯತಿಯವರು ಸಹಿ ಮಾಡ್ಯಾರ್ರಿ’ ಎನ್ನುತ್ತಾನೆ. ಬಾಯಿಪಾಠವಾದ ರೂಪಮಾಲೆಯು ಅಧಿಕಾರಿಯ ಕಿವಿಯಲ್ಲಿ ‘ಮಾಡಿಯಾರು’ ಎಂದು ಅನುವಾದಿಸುತ್ತದೆ: ಸಹಿ ಮಾಡಿದರೂ ಮಾಡಬಹುದು. ಮುಗಿದ ಕಾರ್ಯವು ಸಂಶಯವಾಗುತ್ತದೆ. ಕಾಗದವನ್ನು ಮತ್ತೊಮ್ಮೆ ತರಬೇಕಾಗುತ್ತದೆ. ತದ್ವಿರುದ್ಧವಾಗಿ, ಗೋಕಾವಿಯ ಬಾಲಕನು ಪರೀಕ್ಷೆಯ ಕಾಗದದಲ್ಲಿ ‘ಅವನು ಊರಿಗೆ ಹೋಗ್ಯಾನೆ’ ಎಂದು ಬರೆದನೆನ್ನಿರಿ. ಅವನು ತನ್ನ ಮನೆಯ ಮಾತಿಗೆ ಗ್ರಂಥದ ಎಕಾರವನ್ನು ತೊಡಿಸಿ ಗೌರವ ಮಾಡಿದ್ದಾನೆ. ಉತ್ತರವು ತಪ್ಪೆಂದು ಕೆಂಪುಗೀಟು ಬೀಳುವುದು; ಏಕೆ ತಪ್ಪು, ‘ಹೋಗಿದ್ದಾನೆ’ ಎಂಬುದೇ ಅದರ ಗ್ರಂಥರೂಪವು ಎಂದು ಹೇಳಲು ರೂಪಮಾಲೆಯಲ್ಲಿ ಸ್ಥಳವಿಲ್ಲ. ಏಕೆಂದರೆ ಪೂರ್ಣಾರ್ಥದ ಹೋಗಿದ್ದಾನೆ, ಮಾಡಿದ್ದಾನೆ ಎಂಬ ರೂಪಗಳಿಗೇ ಆ ಮೂರು ಕಾಲಗಳ ಪೆಟ್ಟಿಗೆಯಲ್ಲಿ ಜಾಗವಿಲ್ಲ. ದಿನಕ್ಕೆ ನೂರು ಸಲ ಬಾಯಿಗೆ ಬರುವ ರೂಪವು ಹೊರಗುಳಿಯಿತು. ಎಂದೋ ಒಮ್ಮೆ ಕಾವ್ಯದಲ್ಲಿ ಕಾಣುವ ‘ಮಾಡೆನು’ ಎಂಬ ನಿಷೇಧಕ್ಕೆ ಒಳಗೆ ಪೀಠ ದೊರೆಯಿತು.

ನಿಷೇಧದ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಿಬಿಡಬಹುದು. ಧಾತುವಿಗೆ ನೇರವಾಗಿ ಪುರುಷಪ್ರತ್ಯಯವು ಹತ್ತಿ ನಿಷೇಧಾರ್ಥ ಕೊಡುವ ಮಾಡೆನು, ಮಾಡನು, ಮಾಡರು ಎಂಬ ಮಾಲೆಯು ಆಡುನುಡಿಯಲ್ಲಿ ಸತ್ತಿದೆಯೆಂದು ಹೇಳುವುದು ವಾಡಿಕೆ. ಘಟಪ್ರಭೆಯ ದಡದಲ್ಲಿ ಅದು ಪೂರ್ತಿಯಾಗಿ ಸತ್ತಿಲ್ಲ. ಒಲ್ಲು ಎಂಬ ಧಾತುವಿನಲ್ಲಿ ಅದು ಉಳಿದಿದೆ, ಉಳಿದುದಷ್ಟೇ ಅಲ್ಲ, ಬೇರೆ ಧಾತುಗಳಿಗೆ ಜೊತೆಗೂಡಿ ಹೊಸ ಸಂಸಾರ ಹೂಡಿದೆ: ನಾ ಬರವಲ್ಲೆ, ನೀ ಬರವಲ್ಲಿ, ಅಂವ ಬರವಲ್ಲ, ಆಕಿ ಬರವಲ್ಲಳು, ಅವರು ಬರವಲ್ಲರು, ಅದು ಬರವಲ್ದು. ಮೊದಲು ಇಚ್ಛೆಯಿಲ್ಲವೆಂಬ ಅರ್ಥವಿದ್ದುದು ನಿಶ್ಚಯ. ಈಗ ‘ಮಳಿ ಬರವಲ್ದು’ ಎನ್ನುವರು. ಮಳೆಗೆ ಇಚ್ಛೆಯೇನು, ಅನಿಚ್ಛೆಯೇನು? ಕಾದರೂ ಕ್ರಿಯೆಯು ನಡೆಯದಿರುವುದೇ ಅರ್ಥ. ‘ಬರುವುದಿಲ್ಲ’ ಎಂಬುದರಿಂದ ಈ ಕಾಯುವಿಕೆಯ ಅರ್ಥವು ಹೊರಡದು. ‘ಮಾಡೆನು’ ಎಂಬುದರ 9 ರೂಪಗಳನ್ನು ಕಲಿತವನಿಗೆ ಇದನ್ನು ತೋರಿಸಿದ್ದರೆ ಆ 9 ರೂಪಗಳಿಗೂ ಜೀವ ಬರುತ್ತಿತ್ತು.

ಕಾಲಗಳ ಹೆಸರುಗಳಲ್ಲೂ ಗೊಂದಲವಿದೆ. ಮಾಡುತ್ತಾನೆ ವರ್ತಮಾನ, ಮಾಡುವನು ಭವಿಷ್ಯ ಎಂದು ಕಲಿತವನು ‘ನಾಳೆ ಸಂತೆಗೆ ಹೋಗುವೆನು’ ಎಂದಾನು. ಕೇಳಿದವರು ಅರ್ಥಮಾಡಿಕೊಂಡು ನಗುವರು. ಮೂಡಲಗಿಯ ರೈತನು ‘ನಾಳಿ ಸಂತಿಗಿ ಹೋಗತೇನಿ’ ಎನ್ನುವನು. ಈ ಕ್ಷಣದಲ್ಲಿ ನಡೆಯುತ್ತಿರುವ ಕ್ರಿಯೆಗೆ ಅವನಲ್ಲಿ ಬೇರೆ ರೂಪವಿದೆ: ಹೋಗಾಕತ್ತೇನಿ, ಮಾಡಾಕತ್ತಾನ. ಮಾಡಲಿಕ್ಕೆ ಹತ್ತು ಎಂಬುದು ಇದರ ಮೂಲ. ಗ್ರಂಥಭಾಷೆಯಲ್ಲೂ ‘ಮಾಡುತ್ತಿದ್ದಾನೆ’ ಎಂಬುದೇ ಶುದ್ಧವರ್ತಮಾನ. ‘ಮಾಡುತ್ತಾನೆ’ ಎಂಬುದು ರೂಢಿಯನ್ನೂ ಮುಂದಾಗುವುದನ್ನೂ ಹೇಳುವುದು. ವರ್ತಮಾನಪ್ರತ್ಯಯವು ಸಮೀಪದ ಭೂತಭವಿಷ್ಯಗಳಿಗೂ ಸಲ್ಲಬಹುದೆಂದು ಪಾಣಿನಿಯೇ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವಿಕಲ್ಪವಾಗಿ ವಿಧಿಸಿದ್ದಾನೆ; ಸಂಸ್ಕೃತದ ಮಾದರಿಯನ್ನು ಹಿಡಿದವರು ಅದನ್ನಾದರೂ ಹಿಡಿಯಬಹುದಾಗಿತ್ತು. ‘ಮಾಡಲ್ಪಟ್ಟಿತು’ ಎಂಬ ಕರ್ಮಣಿಪ್ರಯೋಗವು ಬಾಲಬೋಧೆಯಲ್ಲಿ ಏಕೆ ಇರಬೇಕೆಂಬುದಕ್ಕೂ ಸಮಾಧಾನವಿಲ್ಲ. ಅದು ಶಾಸ್ತ್ರಗ್ರಂಥ ಬರೆಯುವವರಿಗೆ ಬಿಡದ ಚಾಳಿ. ಮಕ್ಕಳಿಗೆ ಅಂಟಿಸಬೇಕಾದ ಕಾರಣವಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು, ಅದು ಅಲ್ಪವಾದುದಲ್ಲ. ಕನ್ನಡದಲ್ಲಿ ಎಷ್ಟು ಸೀಮೆಗಳೋ ಅಷ್ಟು ನುಡಿಗಳು. ಗೋಕಾವಿಯ ರೂಪಗಳನ್ನು ಪುಸ್ತಕಕ್ಕೆ ಸೇರಿಸಿದರೆ ಕಲಬುರ್ಗಿಯವು ಏನು ತಪ್ಪುಮಾಡಿದವು, ನಂಜನಗೂಡಿನವು, ಕುಂದಾಪುರದವು ಏನು ತಪ್ಪುಮಾಡಿದವು? ಗೋಕಾವಿಯಲ್ಲಿ ‘ಐತಿ’ ಎಂದರೆ ವಿಜಾಪುರದ ಕಡೆ ‘ಅದ’ ಎನ್ನುವರು. ಕಲಿಯುವವನ ತಲೆಯ ಮೇಲೆ 45 ರೂಪಗಳಿಗೆ ಬದಲಾಗಿ 450 ರೂಪಗಳನ್ನು ಹೇರಿದಂತಾಗದೆ? ನಾಡೆಲ್ಲಕ್ಕೂ ಒಂದು ಗ್ರಂಥಭಾಷೆಯಿರುವುದೇ ಈ ತೊಂದರೆಯನ್ನು ನಿವಾರಿಸಲಿಕ್ಕಲ್ಲವೆ? ಮುಂಬಯಿ, ಮದರಾಸು, ಮೈಸೂರು, ಹೈದರಾಬಾದುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಕೂಡಿಸಿದುದು ಗ್ರಂಥಭಾಷೆಯೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಬರೆಯಲು ಕಲಿಸಬೇಕಾದುದು ಅದೇ. ಆ ವಿಷಯದಲ್ಲಿ ವಿವಾದವಿಲ್ಲ.

ಆದರೆ ಬಾಲಬೋಧೆಗಳು ಬರೆಯುವುದನ್ನು ಮಾತ್ರ ಕಲಿಸುತ್ತೇವೆಂದು ಹೇಳಿಕೊಳ್ಳುವುದಿಲ್ಲ. ‘ಮಾತನಾಡಲು ಕಲಿಯಿರಿ’ ಎಂದು ಕರೆಯುತ್ತವೆ. ‘ಮಾಡುವೆನು’ ಎಂಬುದು ಗೋಕಾವಿಯಲ್ಲಿ ಮಾತ್ರವಲ್ಲ, ಬೆಂಗಳೂರಿನಲ್ಲೂ ಮಾತಿನಲ್ಲಿಲ್ಲ. ಆಡುನುಡಿಯನ್ನೇ ಆಧಾರವಾಗಿಟ್ಟುಕೊಂಡ ಕೃತಿಗಳು ಹೊರದೇಶದ ವಿದ್ವಾಂಸರಿಂದ ಬಂದುವು: 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ವಿಲಿಯಂ ಬ್ರೈಟರ ಸಂಕ್ಷೇಪವ್ಯಾಕರಣ, 1966ರಲ್ಲಿ ಅಮೇರಿಕದಿಂದ ವಿಲಿಯಂ ಮೆಕ್‌ಕಾರ್ಮಕ್ ಮತ್ತು ಎಂ. ಜಿ. ಕೃಷ್ಣಮೂರ್ತಿಗಳ ಪಠ್ಯ. ಅದೇ ಡೆಕ್ಕನ್ ಕಾಲೇಜಿನಿಂದ 1968ರಲ್ಲಿ ಗುಲಬರ್ಗಾ, ನಂಜನಗೂಡುಗಳ ಕನ್ನಡವನ್ನು ವಿವರಿಸುವ ಗ್ರಂಥಗಳೂ ಹೊರಟವು. ಅದಕ್ಕೂ ಬಹುಪೂರ್ವದಲ್ಲಿ, 1885ರಿಂದ, ಜೆ. ಎಫ್. ಫ್ಲೀಟರು ಸಂಗೊಳ್ಳಿ ರಾಯಣ್ಣನ ಲಾವಣಿ ಮೊದಲಾದವನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ್ದರು. ಶಾಸನಗಳನ್ನೋದಿದ ಆ ಅಧಿಕಾರಿಯ ಕಿವಿಗೆ ಈ ಸೀಮೆಯ ಮಾತು ತುಚ್ಛವೆನಿಸಲಿಲ್ಲ. 1972ರ ಜೋಕುಮಾರಸ್ವಾಮಿ ನಾಟಕದಿಂದ ಈಚೆಗೆ ಕಂಬಾರರ ಕೃತಿಗಳಲ್ಲಿ ಇದೇ ನುಡಿಯು ಅಚ್ಚಾಗಿ ಬೆಂಗಳೂರಿನ ರಂಗದ ಮೇಲೂ ಮೆರೆಯಿತು. ಅವರಿಗೆ 2010ರ ಸಾಲಿನ ಜ್ಞಾನಪೀಠವೂ ಬಂದಿತು. ಪ್ರಶಸ್ತಿಗೆ ಅರ್ಹವಾದ ಕ್ರಿಯಾರೂಪವು ಶಾಲೆಯ ಹಲಗೆಗೆ ಅನರ್ಹವೆಂಬುದು ವಿಚಿತ್ರವಾದ ನ್ಯಾಯ.

ರೂಪಗಳ ಸಂಖ್ಯೆಯು ಹೆಚ್ಚುವುದೆಂಬ ಭಯಕ್ಕೆ ಪರಿಹಾರವಿದೆ. 45 ರೂಪಗಳನ್ನು ಬಿಡಿಬಿಡಿಯಾಗಿ ಕಲಿಸುವುದರಿಂದ ಆ ಭಯವು ಹುಟ್ಟಿದುದು. ಪ್ರತಿಯೊಂದು ಧಾತುವಿನೊಡನೆ ಅದರ ಭೂತಕೃದಂತವನ್ನೂ ಜೋಡಿಯಾಗಿ ಕಲಿಸಲಿ: ಮಾಡು ಮಾಡಿ, ಕೊಡು ಕೊಟ್ಟು, ಬರು ಬಂದು, ಕರೆ ಕರೆದು, ಉಣ್ಣು ಉಂಡು. ಧಾತುವಿನಿಂದ ವರ್ತಮಾನ, ಭವಿಷ್ಯ, ವಿಧಿಗಳು. ಕೃದಂತದಿಂದ ಭೂತ, ಪೂರ್ಣ, ಸಂಭಾವನೆಗಳು. ಕೃದಂತವೊಂದು ಕೈಗೆ ಬಂದರೆ ಬಂದಿದ್ದಾನೆ ಎಂಬುದೂ ಬಂದಾನು ಎಂಬುದೂ ಗೋಕಾವಿಯ ಬಂದಾನ ಎಂಬುದೂ ತಾವಾಗಿಯೇ ಬರುವುವು. ‘ಹೋಗು’ ಎಂಬ ಧಾತುವು ಭೂತದಲ್ಲಿ ‘ಹೋದ’ ಎಂದು ಗಕಾರವನ್ನು ಕಳೆದುಕೊಳ್ಳುವುದು; ಗೋಕಾವಿಯ ಪೂರ್ಣರೂಪವಾದ ‘ಹೋಗ್ಯಾನ’ ಎಂಬುದು ಮಾತ್ರ ಹೋಗಿ ಎಂಬ ಕೃದಂತದಿಂದ ನಿಷ್ಕಳಂಕವಾಗಿ ಹುಟ್ಟಿದೆ. ನಿಯತವೆಂಬ ಹೆಸರು ಯಾವುದಕ್ಕೆ ಹೆಚ್ಚು ಸಲ್ಲುವುದೆಂಬುದನ್ನು ನೋಡಿಕೊಳ್ಳಬಹುದು.

ಸಂಕೇಶ್ವರದ ಕಡೆಯ ಮರಾಠಿ ಮನೆಯ ಮಕ್ಕಳಿಗೆ ಕಲಿಸುವಾಗ ಇನ್ನೊಂದೆರಡು ಸಂಗತಿಗಳಿಗೆ ಲಕ್ಷ್ಯ ಕೊಡಬೇಕಾಗುವುದು. ಮರಾಠಿಯಲ್ಲಿ ಉತ್ತಮಪುರುಷಕ್ಕೂ ಲಿಂಗಭೇದವುಂಟು: ಗಂಡಸು ಕರತೋ ಎಂದರೆ ಹೆಂಗಸು ಕರತೇ ಎನ್ನುವಳು. ಕನ್ನಡದಲ್ಲಿ ನಾನು, ನೀನು ಎಂಬವಕ್ಕೆ ಆ ಭೇದವಿಲ್ಲ; ಪ್ರಥಮಪುರುಷದಲ್ಲಿ ಮಾತ್ರ ಉಂಟು. ಸಕರ್ಮಕ ಭೂತದಲ್ಲಿ ಮರಾಠಿಯ ಕ್ರಿಯಾಪದವು ಕರ್ಮವನ್ನು ಅನುಸರಿಸುವುದು. ಕೇಲಾ, ಕೇಲೀ, ಕೇಲೇ ಎಂದು ಕರ್ಮದ ಲಿಂಗದಂತೆ ಬದಲಾಗುವುದು. ಕನ್ನಡದ ಕ್ರಿಯಾಪದವು ಕರ್ತೃವನ್ನು ಬಿಟ್ಟು ಕದಲದು: ಅವನು ಪೂಜೆ ಮಾಡಿದರೂ, ಕೆಲಸ ಮಾಡಿದರೂ, ಮಾಡಿದನು ಎಂದೇ. ಉರ್ದು ಮನೆಯ ಮಗುವಿನ ಸ್ಥಿತಿ ಇದೇ ಅಲ್ಲ. ದಖನಿಯಲ್ಲಿ ‘ನೇ’ ಪ್ರತ್ಯಯದ ಬಳಕೆಯು ಸಡಿಲಗೊಂಡಿರುವುದರಿಂದ ಆ ಮಗುವು ಕನ್ನಡದ ಕ್ರಮಕ್ಕೆ ಒಂದು ಹೆಜ್ಜೆ ಹತ್ತಿರದಲ್ಲಿದೆ. ಇಂತಹ ಭೇದಗಳನ್ನರಿತು ಹೇಳಿಕೊಡಬೇಕಾದವನು ಊರಿನ ಶಿಕ್ಷಕನು. ಅವನ ಕೈಯಲ್ಲಿರುವ ಪುಸ್ತಕದ ಎರಡನೆಯ ಪಾಠದಲ್ಲಿ ‘ಮಾಡು’ವಿನ ಪಕ್ಕದಲ್ಲೇ ಬರು, ಕೊಡು, ಉಣ್ಣುಗಳು ನಿಂತು, ಬಂದಿದ್ದಾನೆ ಎಂಬುದರ ಎದುರಿಗೆ ಬಂದಾನ ಎಂಬುದನ್ನು ಸಣ್ಣ ಅಕ್ಷರದಲ್ಲಾದರೂ ಅಚ್ಚುಮಾಡಿದ್ದರೆ, ಹೋಗ್ಯಾನೆ ಎಂದು ಬರೆದ ಹುಡುಗನಿಗೆ ಅವನು ಹೇಳಬೇಕಾದುದು ಒಂದೇ ವಾಕ್ಯದಲ್ಲಿ ಮುಗಿಯುವುದು.